ಯಾರ ಮಾತನ್ನು ನಂಬುವುದು? ಶಿಥಿಲ ದೇಶಗಳಲ್ಲಿ ಮಹಾಮಾರಿ ಮತ್ತು ಶಾಂತಿಯ ಕೆಲಸ

2020ರ ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಕೇರಳದ ಕಾಸರಗೋಡಿನಿಂದ ಕರ್ನಾಟಕದತ್ತ ಹೋಗುವ ಒಳಮಾರ್ಗಗಳಲ್ಲಿ, ಕೊರೊನಾ ಬಾರದಿರಲೆಂದು ಕರ್ನಾಟಕದ ಕಡೆಯಿಂದ ಹಲವೆಡೆ ಮಣ್ಣು ತಂದು ಸುರಿಯಲಾಗಿತ್ತು. ತಲಪಾಡಿಯಲ್ಲಿ ಹೆದ್ದಾರಿಯನ್ನು ಮುಚ್ಚಲಾಗಿತ್ತು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ ಕಾಯಿಲೆ ಜೋರಾದರೆ ಮೊದಲು ನೆನಪಾಗುವುದು ಮಂಗಳೂರು. ಹೆರಿಗೆಗೂ ಹೃದಯದ ತೊಂದರೆಗೂ ಅಲ್ಲಿಗೇ ಓಡುವುದು ತಲೆಮಾರುಗಳ ರೂಢಿ. ನಮ್ಮ ನೆರೆಮನೆಯ ಅಜ್ಜನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಒಂದು ಸೋಮವಾರ ಬೆಳಗ್ಗೆ ಹೊರಟ ಆಂಬುಲೆನ್ಸ್ ಮಧ್ಯಾಹ್ನಕ್ಕೆ ಹಾಗೆಯೇ ಹಿಂದೆ ಬಂತು. ಆ ಮೇಲೆ ಮೂರು ದಿನ ಅವರ ಮಗ ಫೋನು ಕೆಳಗಿಡಲಿಲ್ಲ. ಕೊನೆಗೆ ಕಣ್ಣೂರಿನ ಕಡೆ ಒಂದು ಯಂತ್ರ ಖಾಲಿ ಇರುವುದು ತಿಳಿಯಿತು. ಅಜ್ಜ ಉಳಿದರು. ಆ ದಿನಗಳಲ್ಲಿ ಗಡಿ ದಾಟಲಾಗದೆ ತೀರಿಕೊಂಡವರೂ ಇದ್ದರು.

ತಗಾದೆ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಯ ವಾಹನಗಳಿಗೆ ಮಾರ್ಗ ತೆರೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೇರಿತು. ಎರಡೂ ರಾಜ್ಯಗಳವರನ್ನು ಕೂರಿಸಿ ನಿಯಮಗಳನ್ನು ರೂಪಿಸಲಾಗಿದೆ ಎಂದು ಏಪ್ರಿಲ್ 7ರಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ಸುಮಾರು ಎರಡು ವಾರ. ಎರಡು ವಾರ ತಡವಾದದ್ದು ಸಣ್ಣ ವಿಷಯವೆಂದು ಇಲ್ಲಿಯ ಯಾರೂ ಹೇಳಲಾರರು. ಆದರೂ ಆ ಜಗಳದಲ್ಲಿ ಮೂರನೆಯ ಪೀಠವೊಂದಿತ್ತು, ಸಿಟ್ಟಿದ್ದರೂ ಎರಡೂ ಕಡೆಯವರು ಅದರ ಮಾತನ್ನು ಮೀರುವಂತಿರಲಿಲ್ಲ.

ಶಿಥಿಲ ದೇಶ ಎಂದರೇನು ಎಂಬ ಪ್ರಶ್ನೆಗೆ ನನಗೆ ಹೊಳೆಯುವ ಅತ್ಯಂತ ಸರಳ ಉತ್ತರವೂ ಇದೇ: ಜಗಳ ಹತ್ತಿದಾಗ ಎರಡೂ ಕಡೆಯವರು ಒಪ್ಪಿ ಎದುರು ನಿಲ್ಲುವ ಮೂರನೆಯ ಪೀಠ ಇಲ್ಲದ, ಅಥವಾ ಇದ್ದರೂ ಅದರ ಮಾತು ನಡೆಯದ ದೇಶ. ವಿಶ್ವ ಬ್ಯಾಂಕ್ ಪ್ರತಿ ವರ್ಷ ಇಂಥ ದೇಶಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಆಡಳಿತ ಸಂಸ್ಥೆಗಳು ಎಷ್ಟು ಗಟ್ಟಿ, ಹಿಂಸೆ ಎಷ್ಟು ಎಂಬುದು ಅದರ ಅಳತೆ. ದಕ್ಷಿಣ ಸುಡಾನ್, ಸೊಮಾಲಿಯಾ, ಯೆಮನ್, ಲಿಬಿಯಾ, ಅಫ್ಘಾನಿಸ್ತಾನ, ಕಾಂಗೋ ಗಣರಾಜ್ಯಗಳ ಪೈಕಿ ಕಿನ್ಶಾಸಾ ರಾಜಧಾನಿಯಾಗಿರುವ ದೊಡ್ಡ ಕಾಂಗೋ ಮೊದಲಾದವು ಅದರಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು. ಬಡತನವೊಂದೇ ಇದಕ್ಕೆ ಕಾರಣವಲ್ಲ. ಲಿಬಿಯಾದಲ್ಲಿ ಎಣ್ಣೆಯ ಹಣ ಬೇಕಾದಷ್ಟಿದೆ.

ಇಂಥ ಕಡೆ ನಡೆಯುವ ಕೆಲಸಗಳನ್ನು ನಾವು ಸುದ್ದಿ ಓದುವಾಗ ಒಂದೇ ಎಂದು ತಿಳಿಯುತ್ತೇವೆ. ವಿಶ್ವಸಂಸ್ಥೆಯ ನೀಲಿ ಟೋಪಿಯ ಸೈನಿಕರು ಎರಡು ಪಡೆಗಳ ನಡುವೆ ನಿಂತು ಗುಂಡು ಹಾರದಂತೆ ನೋಡಿಕೊಳ್ಳುವುದು ಶಾಂತಿಪಾಲನೆ. ನಾಯಕರನ್ನು ಒಂದು ಮೇಜಿನ ಸುತ್ತ ಕೂರಿಸಿ ಒಪ್ಪಂದಕ್ಕೆ ಸಹಿ ಹಾಕಿಸುವುದು ಸಂಧಾನ. ಈ ಲೇಖನದ ವಿಷಯವಾದ ಶಾಂತಿ ಕಟ್ಟುವ ಕೆಲಸ ಬಹುಪಾಲು ಆಮೇಲಿನದು ಮತ್ತು ಕೆಳಗಿನದು: ಬಂದೂಕು ಒಪ್ಪಿಸಿದ ಹುಡುಗನಿಗೆ ದುಡಿಮೆ ಹುಡುಕುವುದು, ಹತ್ತು ವರ್ಷದ ಬಳಿಕ ನಿರಾಶ್ರಿತರ ಶಿಬಿರದಿಂದ ಮರಳಿದವನಿಗೂ ಅವನ ಜಾಗದಲ್ಲಿ ಮನೆ ಕಟ್ಟಿಕೊಂಡವನಿಗೂ ರಾಜಿ ಮಾಡಿಸುವುದು, ಪೋಲೀಸರಿಗೆ ಎರಡೂ ಪಂಗಡದವರನ್ನು ಸೇರಿಸುವುದು, ದನ ಮೇಯಿಸುವವರೂ ಬೇಸಾಯದವರೂ ಒಂದೇ ನೀರಿಗೆ ಬರುವ ದಿನಗಳನ್ನು ಗೊತ್ತುಮಾಡುವುದು.

ನಮ್ಮ ಕಡೆಯ ಅಡಿಕೆ ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಏತಡ್ಕದಂಥ ಊರುಗಳಲ್ಲಿ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತಾರೆ. ಬೇಸಗೆಯ ನೀರಿಗೆ ಅದೇ ಆಧಾರ. ಆದರೆ ಮುಂದಿನ ಮಳೆಗೆ ಅದು ನಿಲ್ಲುವುದಿಲ್ಲ. ವರ್ಷ ವರ್ಷವೂ ತೋಡಿನ ಎರಡೂ ದಡದವರು ಇಳಿದು, ಸೊಂಟಮಟ್ಟ ನೀರಿನಲ್ಲಿ ನಿಂತು ಮತ್ತೆ ಕಟ್ಟಬೇಕು. ಒಂದು ವರ್ಷ ಜನ ಸೇರದಿದ್ದರೆ ನೀರು ಹರಿದುಹೋಗುತ್ತದೆ, ಆ ವರ್ಷದ ತೋಟ ಒಣಗುತ್ತದೆ. ಶಿಥಿಲ ದೇಶದ ಶಾಂತಿ ಇಂಥ ಕಟ್ಟ, ಸಿಮೆಂಟಿನ ಅಣೆಕಟ್ಟಲ್ಲ. ಕೊರೊನಾ ಮೊದಲು ನಿಲ್ಲಿಸಿದ್ದು ಜನ ಸೇರುವುದನ್ನೇ.

ನಮ್ಮ ಮಾರ್ಗಗಳಿಗೆ ಮಣ್ಣು ಬಿದ್ದ ಅದೇ ವಾರ, ಮಾರ್ಚ್ 23ರಂದು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಜಗತ್ತಿನ ಎಲ್ಲ ಯುದ್ಧನಿರತರೂ ಕದನ ವಿರಾಮ ಘೋಷಿಸಬೇಕೆಂದು ಕರೆ ಕೊಟ್ಟರು. ಎಲ್ಲರಿಗೂ ಶತ್ರುವಾದ ರೋಗವೊಂದು ಬಂದಿರುವಾಗ ಪರಸ್ಪರ ಕಾದಾಡುವುದೇಕೆ ಎಂಬುದು ಅದರ ತರ್ಕ. ಕೇಳಲು ಚೆನ್ನಾಗಿತ್ತು, ಉತ್ತರಗಳೂ ಬಂದವು. ಕ್ಯಾಮರೂನಿನ ಒಂದು ಬಂಡುಕೋರ ಪಡೆ 14 ದಿನ ಬಂದೂಕು ಇಳಿಸುವುದಾಗಿ ಹೇಳಿತು. ಕೊಲಂಬಿಯಾದ ಇಎಲ್‌ಎನ್ ಗೆರಿಲ್ಲಾಗಳು ಏಪ್ರಿಲ್ ತಿಂಗಳಿಡೀ ಏಕಪಕ್ಷೀಯ ವಿರಾಮ ಘೋಷಿಸಿದರು. ಫಿಲಿಪೈನ್ಸಿನಲ್ಲಿ ಸರಕಾರ ಕರೆಗೆ ಮೊದಲೇ ವಿರಾಮ ಸಾರಿತ್ತು, ಕರೆಯ ಬಳಿಕ ಕಮ್ಯೂನಿಸ್ಟ್ ಬಂಡುಕೋರರೂ ಬೇರೆಯಾಗಿ ಸಾರಿದರು. ಯೆಮನ್‌ನಲ್ಲಿ ಸೌದಿ ನೇತೃತ್ವದ ಒಕ್ಕೂಟ ಏಪ್ರಿಲ್ 9ರಿಂದ ಎರಡು ವಾರದ ವಿರಾಮ ಘೋಷಿಸಿತು. ಮರುದಿನವೇ ಆ ದೇಶದ ಮೊದಲ ಕೊರೊನಾ ಪ್ರಕರಣ ಖಚಿತವಾಯಿತು.

ಮೇ ತಿಂಗಳು ಬರುವಷ್ಟರಲ್ಲಿ ಇವುಗಳಲ್ಲಿ ಹೆಚ್ಚಿನವು ಮುಗಿದಿದ್ದವು. ಇಎಲ್‌ಎನ್ ಏಪ್ರಿಲ್ 30ಕ್ಕೆ ತನ್ನ ವಿರಾಮವನ್ನು ನಿಲ್ಲಿಸಿತು. ಫಿಲಿಪೈನ್ಸಿನಲ್ಲಿ ವಿರಾಮ ಮುರಿದವರು ನೀವು ಎಂದು ಎರಡೂ ಕಡೆಯವರು ದೂರಿಕೊಂಡರು. ಯೆಮನ್‌ನಲ್ಲಿ ಸೌದಿ ಒಕ್ಕೂಟದ ಎದುರಾಳಿಗಳಾದ ಹೂತಿ ಬಂಡುಕೋರರು ವಿರಾಮವನ್ನು ಒಪ್ಪಲೇ ಇಲ್ಲ. ಲಿಬಿಯಾದಲ್ಲಿ ಮಾತಿನಲ್ಲಿ ಒಪ್ಪಿದ್ದ ವಿರಾಮದ ಬೆನ್ನಿಗೇ ಕಾಳಗ ಹೆಚ್ಚಿತು, ಏಪ್ರಿಲ್ ಮೊದಲ ವಾರದಲ್ಲಿ ಟ್ರಿಪೋಲಿಯ ಅಲ್ ಖದ್ರಾ ಆಸ್ಪತ್ರೆಯ ಮೇಲೆ ಶೆಲ್ ಬಿತ್ತು. ಕಾಬೂಲಿನಲ್ಲಿ ಮೇ 12ರಂದು ಬಂದೂಕುಧಾರಿಗಳು ನುಗ್ಗಿದ್ದು ಹೆರಿಗೆ ವಾರ್ಡಿಗೆ.

ಭದ್ರತಾ ಮಂಡಳಿಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಮಹಾಕಾರ್ಯದರ್ಶಿಯ ಕರೆಗೆ ಬೆಂಬಲವಾಗಿ ನಿರ್ಣಯ 2532 ಅಂಗೀಕಾರವಾದದ್ದು ಜುಲೈ 1ರಂದು, ಕರೆ ಬಂದು ನೂರು ದಿನಗಳಾದ ಮೇಲೆ. ಅಷ್ಟು ದಿನ ಅದು ನಿಂತಿದ್ದುದಕ್ಕೆ ಮುಖ್ಯ ಕಾರಣ ಕರಡಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಸ್ತಾಪ ಇರಬೇಕೋ ಬೇಡವೋ ಎಂಬ ಅಮೆರಿಕ ಮತ್ತು ಚೀನಾಗಳ ಹಗ್ಗಜಗ್ಗಾಟ. ತೊಂಬತ್ತು ದಿನಗಳ ಮಾನವೀಯ ವಿರಾಮ ಬೇಕೆಂದು ಹೇಳಿದ ಆ ನಿರ್ಣಯ ಐಸಿಸ್, ಅಲ್ ಖೈದಾದಂಥ ಸಂಘಟನೆಗಳ ವಿರುದ್ಧದ ಕಾರ್ಯಾಚರಣೆಗೆ ವಿನಾಯಿತಿಯನ್ನೂ ಕೊಟ್ಟಿತು. ತನ್ನ ಶತ್ರುವನ್ನು ಭಯೋತ್ಪಾದಕ ಎಂದು ಕರೆಯದ ಸರಕಾರ ಎಲ್ಲಿದೆ?

ವಿರಾಮಗಳು ಉಳಿಯದಿದ್ದುದಕ್ಕೆ ನನ್ನ ಓದಿಗೆ ತೋರುವ ಕಾರಣ ಇಷ್ಟು. ಅವು ಕ್ಯಾಲೆಂಡರಿಗೆ ಕಟ್ಟಿದ ವಿರಾಮಗಳಾಗಿದ್ದವು, ಮಾತುಕತೆಗೆ ಕಟ್ಟಿದವಲ್ಲ. ಮುರಿದವರು ಯಾರು ಎಂದು ನೋಡಿ ಹೇಳುವವರಿರಲಿಲ್ಲ. ನೋಡಬೇಕಾದವರು ಪ್ರಯಾಣ ಮಾಡುವಂತಿರಲಿಲ್ಲ. ಎದುರಾಳಿ ಈ ಬಿಡುವಿನಲ್ಲಿ ಮದ್ದುಗುಂಡು ತುಂಬಿಕೊಳ್ಳುತ್ತಾನೆ ಎಂಬ ಗುಮಾನಿಗೆ ರೋಗದ ಭಯ ಸಾಟಿಯಾಗಲಿಲ್ಲ.

ಗುಮಾನಿಯ ಮಾತು ಬಂತಲ್ಲ, ಈ ವಿಷಯದ ತಿರುಳಿರುವುದು ಅಲ್ಲಿಯೇ. ಅದನ್ನು ತಿಳಿಯಲು ಕೊರೊನಾಕ್ಕಿಂತ ಹಿಂದಕ್ಕೆ, ಆಫ್ರಿಕಾದಲ್ಲಿ ಹಬ್ಬಿದ ಎಬೋಲಾ ಎಂಬ ಮಾರಕ ಜ್ವರದ ಕಾಲಕ್ಕೆ ಹೋಗಬೇಕು.

ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಕಡಲಿಗೆ ಚಾಚಿದ ವೆಸ್ಟ್ ಪಾಯಿಂಟ್ ಎಂಬ ಕೇರಿಯಿದೆ. ತಗಡಿನ ಮನೆಗಳು, ಮೀನು ಹಿಡಿಯುವವರು, ಹತ್ತಾರು ಸಾವಿರ ಜನ. 2014ರ ಆಗಸ್ಟಿನಲ್ಲಿ ಅಲ್ಲಿಯ ಶಾಲೆಯೊಂದರಲ್ಲಿ ಶಂಕಿತ ರೋಗಿಗಳನ್ನು ತಂದು ಇರಿಸಿದಾಗ ಸಿಟ್ಟಾದ ಜನ ನುಗ್ಗಿ ಅದನ್ನು ದೋಚಿದರು. ಕೆಲವೇ ದಿನಗಳಲ್ಲಿ, ಆಗಸ್ಟ್ 20ರ ಬೆಳಗ್ಗೆ ಜನ ಎದ್ದು ನೋಡಿದಾಗ ಇಡೀ ಕೇರಿಗೆ ಮುಳ್ಳುತಂತಿ ಬಿಗಿದಿತ್ತು, ಸೈನಿಕರು ಕಾವಲಿದ್ದರು. ಮೀನು ಹಿಡಿದು ಮಾರುವಂತಿಲ್ಲ, ಅಕ್ಕಿ ತರುವಂತಿಲ್ಲ. ಗಲಾಟೆಯಾಯಿತು, ಸೈನಿಕರು ಗುಂಡು ಹಾರಿಸಿದರು, ಕಾಲಿಗೆ ಗುಂಡು ಬಿದ್ದ 15 ವರ್ಷದ ಹುಡುಗನೊಬ್ಬ ಸತ್ತ. ಹತ್ತು ದಿನಗಳಾದ ಮೇಲೆ ಸರಕಾರ ತಂತಿಯನ್ನು ತೆಗೆಯಿತು. ಹದಿನಾಲ್ಕು ವರ್ಷಗಳ ಒಳಯುದ್ಧ ಮುಗಿದದ್ದು 2003ರಲ್ಲಿ. ಅಲ್ಲಿಂದಾಚೆಗೆ ಹೊಸದಾಗಿ ಕಟ್ಟಿದ ಸೈನ್ಯ ಅದು. ಬಂದೂಕು ಹಿಡಿದವನು ಕಾಪಾಡಲು ಬಂದಿದ್ದಾನೆ ಎಂದು ಜನರಿಗೆ ಮನಗಾಣಿಸಲು ಹತ್ತು ವರ್ಷ ಪಟ್ಟ ಪಾಡಿಗೆ ಆ ಹತ್ತು ದಿನಗಳಲ್ಲಿ ಏನಾಯಿತು ಎಂದು ಊಹಿಸಬಹುದು.

ಹೆಣದ ವಿಷಯ ಇನ್ನೂ ಸೂಕ್ಷ್ಮ. ಎಬೋಲಾದಿಂದ ಸತ್ತವರ ದೇಹದಲ್ಲಿ ವೈರಾಣು ಅತಿ ಹೆಚ್ಚಿರುತ್ತದೆ. ಹೆಣವನ್ನು ಮೀಯಿಸುವ ವಾಡಿಕೆಯಿಂದ ಮನೆಮಂದಿಗೆಲ್ಲ ರೋಗ ಹಬ್ಬುತ್ತಿತ್ತು. ಹಾಗೆಂದು ಮುಖವೂ ಕಾಣದ ಬಿಳಿ ಉಡುಪಿನವರು ಬಂದು, ಹೆಸರೂ ಕೇಳದೆ, ಹೆಣವನ್ನು ಚೀಲಕ್ಕೆ ಹಾಕಿ ಒಯ್ಯತೊಡಗಿದಾಗ, ಮನ್ರೋವಿಯಾದಲ್ಲಿ ಸುಡಬೇಕೆಂದೇ ಆಜ್ಞೆಯಾದಾಗ, ಜನ ರೋಗಿಗಳನ್ನು ಬಚ್ಚಿಟ್ಟರು, ರಾತ್ರಿ ಗುಟ್ಟಾಗಿ ಹೂತರು. ರೋಗ ಇನ್ನಷ್ಟು ಹಬ್ಬಿತು. ವರ್ಷದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಕ್ರಮವನ್ನು ಬದಲಾಯಿಸಿತು: ತಂಡದವರು ಉಡುಪು ತೊಡುವ ಮೊದಲು ಮನೆಯವರಿಗೆ ಮುಖ ತೋರಿಸಿ ಮಾತನಾಡಬೇಕು, ಇಮಾಮರೋ ಪಾದ್ರಿಗಳೋ ಇರಬೇಕು, ದೂರ ನಿಂತು ಪ್ರಾರ್ಥಿಸಲು ಬಿಡಬೇಕು, ಗೋರಿಗೆ ಹೆಸರಿರಬೇಕು. ವೈದ್ಯಶಾಸ್ತ್ರದ ದೃಷ್ಟಿಯಿಂದ ಹೆಣ ಚೀಲದಲ್ಲಿಯೇ ಇತ್ತು, ಏನೂ ಬದಲಾಗಿರಲಿಲ್ಲ. ಬದಲಾದದ್ದು ಮರ್ಯಾದೆ. ಕೊರೊನಾ ಕಾಲದಲ್ಲಿ ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಹೋದ ಹೆಣಗಳನ್ನು ದೂರದಿಂದ ನೋಡಿದ ನಮಗೆ ಇದು ವಿವರಿಸಬೇಕಾದ ಸಂಗತಿಯಲ್ಲ.

ಕಾಂಗೋದ ಉತ್ತರ ಕಿವು ಪ್ರಾಂತ್ಯದ ಉದಾಹರಣೆ ಇದಕ್ಕಿಂತ ಕಹಿ. 2018ರ ಆಗಸ್ಟಿನಲ್ಲಿ ಅಲ್ಲಿ ಎಬೋಲಾ ಘೋಷಣೆಯಾಗುವ ವೇಳೆಗೆ ಲಸಿಕೆ ಕೈಯಲ್ಲಿತ್ತು. ಪಶ್ಚಿಮ ಆಫ್ರಿಕಾದವರಿಗೆ ಇರದಿದ್ದ ಭಾಗ್ಯ ಅದು. ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಅದನ್ನು ಕೊಡಲಾಯಿತು. ಆದರೂ ರೋಗ ಮುಗಿಯಲು ಸುಮಾರು ಎರಡು ವರ್ಷ ಬೇಕಾಯಿತು, 2,287 ಜನ ಸತ್ತರು. ಏಕೆ? ಬೇನಿ ಪಟ್ಟಣದ ಸುತ್ತ 2014ರಿಂದ ಜನರ ಸಾಮೂಹಿಕ ಕೊಲೆಗಳು ನಡೆಯುತ್ತಿದ್ದವು. ಆಗ ಬಾರದ ಜೀಪುಗಳು ಈಗ ಒಂದು ರೋಗಕ್ಕಾಗಿ ಸಾಲುಗಟ್ಟಿ ಬಂದದ್ದನ್ನು ಜನ ನೋಡಿದರು. ಅದರ ಮೇಲೆ 2018ರ ಡಿಸೆಂಬರಿನ ರಾಷ್ಟ್ರೀಯ ಚುನಾವಣೆಯಲ್ಲಿ ಬೇನಿ ಮತ್ತು ಬುಟೆಂಬೊ ಪ್ರದೇಶಗಳ ಮತದಾನವನ್ನು ಎಬೋಲಾ ಮತ್ತು ಅಭದ್ರತೆಯ ಕಾರಣ ಹೇಳಿ ಮಾರ್ಚಿಗೆ ಮುಂದೂಡಲಾಯಿತು. ಹೊಸ ಅಧ್ಯಕ್ಷರು ಜನವರಿಯಲ್ಲಿಯೇ ಅಧಿಕಾರಕ್ಕೆ ಬಂದರು. ಇವು ವಿರೋಧಪಕ್ಷದ ಭದ್ರಕೋಟೆಗಳು. ರೋಗವೇ ಒಂದು ರಾಜಕೀಯ ಕಟ್ಟುಕಥೆ ಎಂದು ಶಂಕಿಸುತ್ತಿದ್ದವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪ್ರತಿಭಟನೆಗೆ ಇಳಿದವರು ಬೇನಿಯ ಎಬೋಲಾ ಕೇಂದ್ರವೊಂದಕ್ಕೆ ನುಗ್ಗಿದರು. ಫೆಬ್ರವರಿಯಲ್ಲಿ ಕಟ್ವಾ ಮತ್ತು ಬುಟೆಂಬೊದ ಚಿಕಿತ್ಸಾ ಕೇಂದ್ರಗಳ ಮೇಲೆ ದಾಳಿಯಾಯಿತು. 2019ರ ಏಪ್ರಿಲ್ 19ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾಮರೂನ್ ಮೂಲದ ವೈದ್ಯ ರಿಚರ್ಡ್ ಮೂಜೊಕೊ ಬುಟೆಂಬೊದ ಆಸ್ಪತ್ರೆಯಲ್ಲಿ ಗುಂಡಿಗೆ ಬಲಿಯಾದರು.

ಭಾಷೆಯ ಪ್ರಶ್ನೆಯೂ ಅಲ್ಲಿತ್ತು, ಗಡಿನಾಡಿನ ಕನ್ನಡಿಗನಾದ ನನಗೆ ಅದನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ಆ ಭಾಗದ ಬಹುಸಂಖ್ಯಾತರ ಮನೆಮಾತು ನಾಂದೆ. ತಿಳಿವಳಿಕೆಯ ಪತ್ರಗಳು ಬಂದದ್ದು ಹೆಚ್ಚಾಗಿ ಫ್ರೆಂಚಿನಲ್ಲಿ, ಪುಸ್ತಕದ ಸ್ವಾಹಿಲಿಯಲ್ಲಿ. 2020ರಲ್ಲಿ ನಮ್ಮ ಕಡೆಯ ಒಂದು ಕಚೇರಿಯ ಗೋಡೆಗೆ ಅಂಟಿಸಿದ ಕ್ವಾರಂಟೈನ್ ನಿಯಮಗಳು ಮಲಯಾಳದಲ್ಲಿ ಮಾತ್ರ ಇದ್ದವು. ನಮ್ಮ ವಾರ್ಡಿನ ಸದಸ್ಯೆ ಅದನ್ನು ಕನ್ನಡದಲ್ಲೂ ತುಳುವಿನಲ್ಲೂ ಓದಿ ವಾಟ್ಸಾಪಿನಲ್ಲಿ ಧ್ವನಿ ಕಳಿಸಿದ ಮೇಲೆ ಪ್ರಾಯ ಸಂದವರು ಹೊರಗೆ ತಿರುಗುವುದನ್ನು ನಿಲ್ಲಿಸಿದರು. ಕಾಗದದಲ್ಲಿದ್ದ ಮಾತೇ ಅದು. ಹೇಳಿದವರು ಗೊತ್ತಿದ್ದವರು ಎಂಬುದಷ್ಟೇ ವ್ಯತ್ಯಾಸ.

ಹಾಗಾದರೆ ರೋಗ ಎಂದಾದರೂ ಶಾಂತಿಗೆ ದಾರಿ ಮಾಡಿದ್ದುಂಟೇ? ಉಂಟು. 1985ರಲ್ಲಿ ಎಲ್ ಸಾಲ್ವಡೋರ್‌ನ ಒಳಯುದ್ಧದ ನಡುವೆ ಯುನಿಸೆಫ್ ಮತ್ತು ಕ್ಯಾಥೊಲಿಕ್ ಚರ್ಚಿನ ಮಧ್ಯಸ್ಥಿಕೆಯಿಂದ ಸರಕಾರವೂ ಗೆರಿಲ್ಲಾಗಳೂ ಮಕ್ಕಳ ಲಸಿಕೆಗಾಗಿ ಮೂರು ದಿನ ಬಂದೂಕು ಇಳಿಸಿದರು. ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಸಿಕ್ಕಿತು, ಯುದ್ಧ ಮುಗಿಯುವವರೆಗೆ ವರ್ಷ ವರ್ಷವೂ ಆ ವಾಡಿಕೆ ನಡೆಯಿತು. 1995ರಲ್ಲಿ ಸುಡಾನಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಾರುಹುಳುವಿನ ಕಾಯಿಲೆಯನ್ನು ತೊಡೆಯುವ ಕೆಲಸಕ್ಕೆಂದು ಮಾಡಿಸಿದ ಕದನ ವಿರಾಮ ಸುಮಾರು ಆರು ತಿಂಗಳು ಉಳಿಯಿತು. ಈ ಎರಡನ್ನೂ 2020ರ ಜಾಗತಿಕ ಕರೆಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಕೇಳಿದ್ದು ಇಂತಿಷ್ಟೇ ದಿನ, ಇಂಥದ್ದೇ ಕೆಲಸಕ್ಕೆ. ಮಧ್ಯೆ ನಿಂತವರನ್ನು ಎರಡೂ ಕಡೆಯವರು ಬಲ್ಲರು. ಮಕ್ಕಳಿಗೆ ಲಸಿಕೆ ಹಾಕಿಸಿದ ಹೆಸರು ಇಬ್ಬರಿಗೂ ಬರುತ್ತದೆ. ಇವುಗಳಿಂದ ಯುದ್ಧ ನಿಂತಿತು ಎನ್ನಲಾಗದು. ಸುಡಾನಿನಲ್ಲಿ ಅದು ಮತ್ತೆ ಹತ್ತು ವರ್ಷ ಎಳೆಯಿತು.

ಮಾತುಕತೆಯ ಮೇಜಿಗೂ ಕೊರೊನಾ ತೊಡಕು ತಂತು. 2020ರ ಜೂನ್‌ನಲ್ಲಿ ಯೆಮನ್‌ಗೆ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದ ಮಾರ್ಟಿನ್ ಗ್ರಿಫಿತ್ಸ್ ನೂರಾರು ಯೆಮನಿಗರೊಂದಿಗೆ ಆನ್‌ಲೈನ್ ಸಮಾಲೋಚನೆ ನಡೆಸಿದರು. ಸಾಮಾನ್ಯವಾಗಿ ಇಂಥ ಸಭೆಗೆ ವಿಮಾನ ಹತ್ತಲಾಗದ ಹೆಂಗಸರೂ ಯುವಕರೂ ಅದರಲ್ಲಿ ಮಾತನಾಡಿದರು. ಅದು ನಿಜವಾದ ಲಾಭ. ಆದರೆ ಗಟ್ಟಿ ನಿರ್ಧಾರಗಳು ಪರದೆಯ ಮೇಲೆ ಆಗಲಿಲ್ಲ. ಲಿಬಿಯಾದ ಎರಡು ಪಡೆಗಳ ಅಧಿಕಾರಿಗಳು ಕದನ ವಿರಾಮಕ್ಕೆ ಸಹಿ ಹಾಕಿದ್ದು ಅಕ್ಟೋಬರ್ 23ರಂದು, ಜಿನೀವಾದಲ್ಲಿ ಮುಖಾಮುಖಿ ಕುಳಿತು. ರಾಜಕೀಯ ಸಂವಾದ ಆನ್‌ಲೈನಿನಲ್ಲಿ ಆರಂಭವಾದರೂ ನವೆಂಬರಿನಲ್ಲಿ ಟುನಿಸ್ ನಗರಕ್ಕೆ ಹೋಗಬೇಕಾಯಿತು. ಯೆಮನ್‌ನ ಸಾವಿರಕ್ಕೂ ಹೆಚ್ಚು ಕೈದಿಗಳು ಅದೇ ಅಕ್ಟೋಬರಿನಲ್ಲಿ ರೆಡ್ ಕ್ರಾಸ್ ವಿಮಾನಗಳಲ್ಲಿ ಮನೆಗೆ ಮರಳಿದರು, ಅದರ ಒಪ್ಪಂದವೂ ಸ್ವಿಟ್ಜರ್ಲೆಂಡಿನಲ್ಲಿ ಕುಳಿತು ಮಾಡಿದ್ದು. ಪಂಚಾಯಿತಿಕೆ ಮಾಡಿದವರಿಗೆ ಗೊತ್ತು, ಜಗಳ ಬಗೆಹರಿಯುವುದು ಸಭೆಯಲ್ಲಲ್ಲ, ಚಹಾಕ್ಕೆ ಎದ್ದಾಗ.

ನೀಲಿ ಟೋಪಿಯವರ ಸ್ಥಿತಿ ಬೇರೆ ಬಗೆಯದು. ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ವಿಶ್ವಸಂಸ್ಥೆ ಸೈನಿಕರ ಬದಲಾವಣೆಯನ್ನೇ ನಿಲ್ಲಿಸಿತು. ಅದಕ್ಕೆ ಹಳೆಯ ಗಾಯವೊಂದರ ನೆನಪೂ ಕಾರಣವಿದ್ದೀತು: 2010ರಲ್ಲಿ ಹೈಟಿಗೆ ಕಾಲರಾ ಹೋದದ್ದು ಶಾಂತಿಪಾಲಕರ ಶಿಬಿರದಿಂದ, ಸುಮಾರು 10,000 ಜನ ಸತ್ತರು, ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ. ಕಾಪಾಡಲು ಬಂದವರೇ ರೋಗ ತಂದರು ಎಂಬ ಮಾತು ಇನ್ನೊಮ್ಮೆ ಹುಟ್ಟಿದರೆ ಯಾವ ಶಿಬಿರವೂ ಉಳಿಯುತ್ತಿರಲಿಲ್ಲ.

ಲಾಕ್‌ಡೌನ್ ಎಲ್ಲರಿಗೂ ಒಂದೇ ಅರ್ಥದ್ದೂ ಆಗಿರಲಿಲ್ಲ. ಕೊಲಂಬಿಯಾದ ಹಳ್ಳಿಗಳಲ್ಲಿ ಸಶಸ್ತ್ರ ಗುಂಪುಗಳು ತಾವೇ ಕರ್ಫ್ಯೂ ವಿಧಿಸಿ, ಮೀರಿದವರನ್ನು ಕೊಂದವು. 2016ರ ಶಾಂತಿ ಒಪ್ಪಂದವನ್ನು ಊರಿನ ಮಟ್ಟದಲ್ಲಿ ಜಾರಿಗೆ ತರಲು ಓಡಾಡುತ್ತಿದ್ದ ಮುಂದಾಳುಗಳು ದಿನವೂ ಜಾಗ ಬದಲಿಸಿ ಜೀವ ಉಳಿಸಿಕೊಂಡಿದ್ದರು. ಮನೆಯಲ್ಲೇ ಇರಿ ಎಂಬ ಆಜ್ಞೆಯಾದ ಮೇಲೆ ಅವರು ಎಲ್ಲಿರುತ್ತಾರೆ ಎಂಬುದು ಕೊಲೆಗಾರರಿಗೂ ಗೊತ್ತಾಯಿತು.

ಲಸಿಕೆ ಬಂದ ಮೇಲೆ ಪಾಲಿನ ಜಗಳ ಹುಟ್ಟಿತು. ಬಡ ದೇಶಗಳಿಗೆ ಲಸಿಕೆ ಹಂಚುತ್ತಿದ್ದ ಕೋವ್ಯಾಕ್ಸ್ ವ್ಯವಸ್ಥೆಯ ಮೊದಲ ಸರಕು, ಪುಣೆಯಲ್ಲಿ ತಯಾರಾದ 6 ಲಕ್ಷ ಡೋಸುಗಳು, 2021ರ ಫೆಬ್ರವರಿ 24ರಂದು ಘಾನಾದ ಅಕ್ರಾದಲ್ಲಿ ಇಳಿಯಿತು. ಅದೇ ವಾರ ಭದ್ರತಾ ಮಂಡಳಿ ನಿರ್ಣಯ 2565ರ ಮೂಲಕ ಯುದ್ಧ ನಡೆಯುವಲ್ಲಿ ಲಸಿಕೆಗಾಗಿ ವಿರಾಮ ಬೇಕೆಂದಿತು, ಭಾರತ ಶಾಂತಿಪಾಲಕರಿಗೆ 2 ಲಕ್ಷ ಡೋಸು ಕೊಡುವುದಾಗಿ ಹೇಳಿಯಾಗಿತ್ತು. ಅಷ್ಟರಲ್ಲಿ ನಮ್ಮಲ್ಲಿ ಎರಡನೆಯ ಅಲೆ ಎದ್ದಿತು, ರಫ್ತು ನಿಂತಿತು. ನಮ್ಮ ಮನೆಗಳಲ್ಲೇ ಆಮ್ಲಜನಕಕ್ಕೆ ಹಾಹಾಕಾರವಿದ್ದಾಗ ರಫ್ತು ನಿಲ್ಲಿಸಿದ್ದನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬಾರದು. ಆದರೆ ಶಿಥಿಲ ದೇಶಗಳ ಆರೋಗ್ಯ ಕಾರ್ಯಕರ್ತರು ತಿಂಗಳುಗಟ್ಟಲೆ ಕಾದರು ಎಂಬುದೂ ಅಷ್ಟೇ ನಿಜ.

ಲೈಬೀರಿಯಾಕ್ಕೆ ಮರಳೋಣ. ವೆಸ್ಟ್ ಪಾಯಿಂಟಿನ ಮುಳ್ಳುತಂತಿ ತೆಗೆದ ಮೇಲೆ ಅಲ್ಲಿಯ ಕೇರಿ ಕೇರಿಗಳಲ್ಲಿ ಊರಿನವರೇ ಮನೆ ಮನೆಗೆ ಹೋಗಿ ಜ್ವರ ಬಂದವರನ್ನು ಕೇಳುವ ಕ್ರಮ ಬಂತು. ಯುದ್ಧ ಮುಗಿದಾಗ ಹಳ್ಳಿಯ ಹೆಂಗಸರು ಗಂಡ ಹೆಂಡಿರ ಜಗಳದಿಂದ ಹಿಡಿದು ಜಾಗದ ತಕರಾರಿನವರೆಗೆ ಬಗೆಹರಿಸಲು ಕಟ್ಟಿಕೊಂಡಿದ್ದ ಶಾಂತಿ ಗುಡಿಸಲುಗಳಿದ್ದವು. ಎಬೋಲಾ ಕಾಲದಲ್ಲಿ ಅವು ಸೋಪು, ಸುದ್ದಿ, ಸಮಾಧಾನ ಹಂಚುವ ಜಾಗಗಳಾದವು. ರೋಗಕ್ಕೆಂದು ಕಟ್ಟಿದವಲ್ಲ ಅವು. ಅಂಗಡಿ, ಕಚೇರಿ, ಚರ್ಚು, ಮಸೀದಿಗಳ ಬಾಗಿಲಲ್ಲಿ ಕ್ಲೋರಿನ್ ನೀರು ತುಂಬಿದ, ಕೆಳಗೆ ನಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಬಕೆಟ್ ಇಡುವ ಅಭ್ಯಾಸವೂ ಆಗ ಬಂದದ್ದು.

2020ರ ಮಾರ್ಚಿನಲ್ಲಿ ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಬ್ರೇಕ್ ದ ಚೈನ್ ಎಂದು ಬರೆದ ನಲ್ಲಿಗಳ ಎದುರು ಕೈ ತೊಳೆಯುವುದು ಹೇಗೆಂದು ಜನ ಕಲಿಯುತ್ತಿದ್ದರು. ಮನ್ರೋವಿಯಾದಲ್ಲಿ ಕಲಿಸಬೇಕಾಗಿರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಬಕೆಟ್ಟುಗಳನ್ನು ತೊಳೆದು ಮತ್ತೆ ಬಾಗಿಲಿಗೆ ತಂದಿಟ್ಟರು.